ಹರಾಜು ಕೂಗುವವನ ಗಂಟಲು

"ನಾಳೆ ನಿಮಗೆ ಏನು ಮಾಡ್ತಾರೆ, ನೀವೇ ಒಂದ್ಸಲ ಹೇಳಿ ನೋಡೋಣ," ಎಂದಳು ನರ್ಸ್.

ಆಪರೇಷನ್ನಿಗೆ ಹೋಗುವವರನ್ನೆಲ್ಲ ಅವಳು ಹೀಗೆ ಕೇಳುತ್ತಿದ್ದಳು. ಮುದುಕ ಉತ್ಸಾಹದಿಂದ ಎದ್ದು ಕೂತ. ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗಿಯೇ ಸಂಸಾರ ಸಾಕಿದವನು. ಈಗ ದನಿ ಒಡೆದಿದ್ದರೂ ವಾರ್ಡಿನವರು ಅವನಿಗೆ ಇಟ್ಟ ಹೆಸರು ಮೈಕು.

"ಗಂಟಲಲ್ಲಿರೋ ಗಂಟು ತೆಗೀತಾರೆ. ಆಮೇಲೆ ಮತ್ತೆ ಕೂಗೋದೇ!"

ಅವಳು ಕೈಯಲ್ಲಿದ್ದ ಫೈಲನ್ನು ಮತ್ತೊಮ್ಮೆ ನೋಡಿದಳು. ತೆಗೆಯುವುದು ಗಂಟನ್ನಷ್ಟೇ ಅಲ್ಲ, ಧ್ವನಿಪೆಟ್ಟಿಗೆಯನ್ನೇ. ಮುದುಕನ ಮಗನಿಗೆ ಎಲ್ಲ ಗೊತ್ತಿತ್ತು. ಅಪ್ಪ ಒಪ್ಪಲಿಕ್ಕಿಲ್ಲವೆಂದು ಬಾಯಿ ಬಿಟ್ಟಿರಲಿಲ್ಲ. ಅವಳು ಸ್ಟೂಲು ಎಳೆದು ಕೂತು, ಸುತ್ತಿ ಬಳಸದೆ ಹೇಳಿದಳು.

ಮುದುಕ ಗಂಟಲು ಮುಟ್ಟಿ ನೋಡಿಕೊಂಡ. "ಬೇರೆ ದಾರಿ ಇಲ್ವಾ ತಾಯಿ?"

"ಕೆಲವರಿಗೆ ರೇಡಿಯೇಷನ್ ಕೊಟ್ಟು ನೋಡ್ತಾರೆ. ನಿಮಗೆ ಆಗುತ್ತೋ ಇಲ್ವೋ ಡಾಕ್ಟರೇ ಹೇಳ್ಬೇಕು. ಧೈರ್ಯವಾಗಿ ಕೇಳಿ, ನಾನು ಪಕ್ಕದಲ್ಲೇ ನಿಂತಿರ್ತೀನಿ."

"ಕೇಳೇ ಕೇಳ್ತೀನಿ. ನೀನೊಬ್ಬಳು ನಿಜ ಹೇಳ್ದೆ," ಎಂದು ಅವಳ ಕೈ ಹಿಡಿದುಕೊಂಡ.

ಡಾಕ್ಟರು ರೌಂಡ್ಸಿಗೆ ಬಂದರು, ಬೆನ್ನ ಹಿಂದೆಯೇ ಮಗ.

"ಇವರಿಗೆ ಒಂದು ಮಾತು ಕೇಳೋದಿದೆಯಂತೆ ಸಾರ್," ಎಂದಳು ಅವಳು.

ಮುದುಕ ಮಗನ ಮುಖ ನೋಡಿದ. "ನಂದೇನಿಲ್ಲ ಸಾರ್. ಈ ಹುಡುಗಿನೇ ದನಿ ಹೋಗುತ್ತೆ, ಹಾಗೆ ಹೀಗೆ ಅಂತ ಹೆದರಿಸಿಬಿಟ್ಲು. ನೀವು ಹೇಳಿದ ಹಾಗೇ ಆಗ್ಲಿ."

"ನಿನಗ್ಯಾಕಮ್ಮ ಈ ಅಧಿಕಪ್ರಸಂಗ?" ಎಂದು ಮಗ ಕೆಂಡವಾದ.

"ಹಾಗಾದ್ರೆ ನೀವೇ ಅವರಿಗೆ ವಿವರಿಸಿ ಸಾರ್," ಎಂದಳು. ಡಾಕ್ಟರ ಕಡೆಗೇ ತಿರುಗಿ ನಿಂತಳು.

"ಅವರೇ ಒಪ್ಪಿದ್ದಾರಲ್ಲ," ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಮಧ್ಯಾಹ್ನದೊಳಗೆ ಅವಳನ್ನು ಹೆರಿಗೆ ವಾರ್ಡಿಗೆ ಎತ್ತಿ ಹಾಕಿದರು. ಅದಾದರೂ ಹೋಗಲಿ. ಕೈ ಹಿಡಿದುಕೊಂಡವನೇ ಮಗನನ್ನು ಕಂಡದ್ದೇ ತಡ ತನ್ನನ್ನು ನಡುನೀರಿನಲ್ಲಿ ಕೈಬಿಟ್ಟನಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಬ್ಯಾಗು ಹೆಗಲಿಗೇರಿಸಿ ಬಾಗಿಲು ದಾಟುವಾಗ ಹಿಂದಿನಿಂದ ಕೂಗು ಬಂತು.

"ತಾಯೀ! ಒಂದ್ನಿಮಿಷ ಬಾ ತಾಯೀ!"

ಒಡೆದಿದ್ದರೂ ಅದು ಹರಾಜಿನ ದನಿ, ಕಾರಿಡಾರಿನ ಕೊನೆಯವರೆಗೂ ಕೇಳಿತು. ಅವಳು ತಿರುಗಲಿಲ್ಲ. ಏನು ಹೇಳುವುದಿದ್ದರೂ ಆಗಲೇ ಹೇಳಬೇಕಿತ್ತು.

ಆಪರೇಷನ್ ಆದ ಮೇಲೆ ಮನಸ್ಸು ತಡೆಯದೆ ಒಮ್ಮೆ ಹೋದಳು. ಮಗ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಮುದುಕನ ಕುತ್ತಿಗೆಯಲ್ಲಿ ಕೊಳವೆ. ಅವಳನ್ನು ಕಂಡವನೇ ಬಾಯಿ ತೆರೆದ. ತುಟಿಗಳು ಗಡಿಬಿಡಿಯಿಂದ ಆಡಿದವು, ನಿಂತವು, ಮತ್ತೆ ಮೊದಲಿನಿಂದ ಆಡಿದವು.

ಅವಳು ಸ್ಟೂಲು ಎಳೆದು ಕೂತು, ಹತ್ತಿರಕ್ಕೆ ಬಗ್ಗಿದಳು. ಕೊಳವೆಯಿಂದ ಬಿಸಿ ಉಸಿರು ಬಂದು ಅವಳ ಕೆನ್ನೆಗೆ ತಾಗಿತು.