ಸೆರಗಿನ ಗಂಟು

ಅತ್ತೆಯ ಸೆರಗಿನ ಗಂಟು ಸಡಿಲುತ್ತಿರಲಿಲ್ಲ. ಬಸವೇಶ್ವರಿ ಉಗುರು ಹಾಕಿ ಜಗ್ಗಿದಳು, ಹಲ್ಲು ಹಚ್ಚಿದಳು. ಬಾಯಿಗೆ ಹೊಗೆಯ ರುಚಿ ಬಂತು. ಹಿತ್ತಲ ಕಲ್ಲಿನ ಮೇಲೆ ಅತ್ತೆ ರತ್ನಾಬಾಯಿ ತಲೆ ವಾಲಿಸಿ ಕುಳಿತಿದ್ದಳು, ಕಡೆಯ ಜಳಕಕ್ಕೆ. ಹಿಂದಿನಿಂದ ಅವಳ ಭುಜ ಹಿಡಿದಿದ್ದವಳು ಮಗಳು ಉಮಾದೇವಿ. ಬೆಳಿಗ್ಗೆ ಫೋನು ಹೋದ ಕೂಡಲೇ ಚಿತ್ತಾಪುರದಿಂದ ಓಡಿ ಬಂದಿದ್ದಳು.

"ಲಗೂನ ಬಿಚ್ಚ್ರಿ ವೈನಿ. ಗಂಟು ಇಟ್ಗೊಂಡು ಮಣ್ಣಿಗಿ ಹೋಗಬಾರದು. ಎಲಿ ಅಡಿಕಿ ಕಟ್ಟಿದ್ಳೋ ಏನೋ ನಮ್ಮವ್ವ."

"ಕತ್ರಿ ತರ್ಲೇನು?" ಪಕ್ಕದ ಮನೆಯ ಸರ್ವರಬೇಗಂ ಕೇಳಿದಳು.

"ಬ್ಯಾಡ ಚಾಚಿ. ಕೈಲೇ ಬಿಚ್ಚಬೇಕಂತಾರ," ಎಂದಳು ಉಮಾದೇವಿ.

ಒಳಗಿರುವುದು ಎಲೆಯಡಿಕೆಯಲ್ಲ, ತನ್ನ ಮಾತು ಎಂದು ಬಸವೇಶ್ವರಿಗೆ ಗೊತ್ತಿತ್ತು.

*

ಜಗಳದಲ್ಲಿ ಯಾರಾದರೂ ಮಾತು ಮೀರಿದರೆ ರತ್ನಾಬಾಯಿ ತಿರುಗಿ ಆಡುತ್ತಿರಲಿಲ್ಲ. ಆ ಮಾತನ್ನು ಹಾರುವ ಹುಳ ಹಿಡಿದಂತೆ ಹಿಡಿದು, ಸೆರಗಿನ ತುದಿಗೆ ಗಂಟು ಬಿಗಿಯುತ್ತಿದ್ದಳು. ಸಂಜೆ ರೊಟ್ಟಿಯ ಒಲೆ ಉರಿಯುವಾಗ ಮುಂದೆ ಕುಳಿತು ಬಿಚ್ಚಿ, ಬೆಂಕಿಯ ಮೇಲೆ ಝಾಡಿಸುತ್ತಿದ್ದಳು. "ಸುಟ್ಟು ಹೋಯ್ತ್ ನೋಡು," ಎಂದು ನಗುತ್ತಿದ್ದಳು.

ಮದುವೆಯಾಗಿ ಬಂದ ವರ್ಷ ಬಸವೇಶ್ವರಿ ಕೇಳಿದ್ದಳು: "ಬಿಚ್ಚದಿದ್ರ ಏನಾಗ್ತದ ಅತ್ತಿ?"

"ಬೆಂಕಿ ಕಾಣದ ಮಾತು ತತ್ತಿ ಇಡ್ತದಂತ, ನಮ್ಮಜ್ಜಿ ಹೇಳ್ತಿದ್ಳು. ಮರಿ ಹೊರಗ ಬಂದು, ಆಡಿದವರ ಮನಿ ಹುಡಕ್ಕೊಂಡು ಹೋಗ್ತದಂತ."

ನಿನ್ನೆಯ ಜಗಳ ಮಾಳಿಗೆಯ ಮೇಲೆ ಒಣಹಾಕಿದ್ದ ತೊಗರಿಬೇಳೆಗಾಗಿ. ಮಂಗ ಬಂದು ಚೆಲ್ಲಾಡಿತ್ತು. ಕಾಯಬೇಕಿದ್ದವರು ಯಾರು ಎಂಬಲ್ಲಿಂದ ಹೊರಟ ಮಾತು ಎಲ್ಲೆಲ್ಲೋ ಹೋಗಿ, ಬಸವೇಶ್ವರಿ ಅಂದುಬಿಟ್ಟಳು: "ಉಡಿಕಿ ಆಗಿ ಬಂದಾಕಿ ನೀ ನನಗ ಸಂಸಾರ ಕಲಸ್ತೀ? ಮುಧೋಳದಾಗ ಒಬ್ಬನ್ನ ನುಂಗಿದಾಕಿ!"

ಹರೆಯದಲ್ಲೇ ಗಂಡ ಸತ್ತು, ಮರುಮದುವೆಯ ಉಡಿಕಿ ಸೀರೆ ಉಟ್ಟು ಈ ಎರಡನೆಯ ಮನೆಗೆ ಬಂದವಳು ರತ್ನಾಬಾಯಿ. ಉಡಿಕಿಯವಳು ಶುಭಕ್ಕೆ ಸಲ್ಲಳೆಂದು ಹೆತ್ತ ಮಗಳ ಮದುವೆಯಲ್ಲೂ ಆರತಿ ಮುಟ್ಟದೆ ಕಂಬದ ಹಿಂದೆ ನಿಂತಿದ್ದಳು. ಸೊಸೆಯ ಮಾತಿಗೆ ಅವಳ ಬೆರಳು ಸೆರಗಿಗೆ ಹೋದವು. ಅಷ್ಟು ಬಿಗಿಯಾಗಿ ಎಂದೂ ಕಟ್ಟಿರಲಿಲ್ಲ.

ಸಿಟ್ಟಿನಲ್ಲಿ ಬಸವೇಶ್ವರಿ ಆ ಸಂಜೆ ಒಲೆಯನ್ನೇ ಹಚ್ಚಲಿಲ್ಲ, ಮುಸುಕೆಳೆದು ಮಲಗಿದಳು. ಗಂಡ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಅತ್ತೆ ತಾನೇ ಕಡ್ಡಿ ಗೀರಬಹುದಿತ್ತು. ಗೀರಲಿಲ್ಲ. ಸೊಸೆ ಏಳುತ್ತಾಳೆಂದು ತಣ್ಣನೆಯ ಒಲೆಯ ಮುಂದೆ ಕಾಯುತ್ತ ಕುಳಿತಳು. ಬೆಳಿಗ್ಗೆಯೂ ಅಲ್ಲೇ ಇದ್ದಳು, ಗೋಡೆಗೊರಗಿ.

*

ಗಂಟು ಥಟ್ಟನೆ ಬಿಚ್ಚಿತು. ಹೆಂಗಸರು ಬಾಗಿ ನೋಡಿದರು. ಏನೂ ಬೀಳಲಿಲ್ಲ. ಬಸವೇಶ್ವರಿಯ ಮುಂಗೈ ಮೇಲೆ ಮಾತ್ರ ಏನೋ ಸಣ್ಣದು ಹರಿದಾಡಿ ಹೋದಂತಾಯಿತು.

"ಖಾಲಿ ಅದ," ಎಂದ ಉಮಾದೇವಿ ಅತ್ತಿಗೆಯ ಮುಖ ನೋಡಿದಳು. ತಾಯಿಯ ರೂಢಿ ಮಗಳಿಗೆ ಗೊತ್ತಿರದೆ? "ಯಾರ್ ಏನಂದ್ರು ನಮ್ಮವ್ವಗ?"

ನಿನ್ನೆ ಗೋಡೆಯಾಚೆಯಿಂದ ಸರ್ವರಬೇಗಂ ಎಲ್ಲ ಕೇಳಿದ್ದಳು. ಬಸವೇಶ್ವರಿ ಅವಳ ತುಟಿಗಳನ್ನೇ ನೋಡಿದಳು.

"ಹೊತ್ತು ಏರ್ಲಿಕತ್ತದ ಬೇಟಾ," ಎಂದಳು ಸರ್ವರಬೇಗಂ, ಕಣ್ಣು ತಗ್ಗಿಸಿ. "ಜಳಕ ಮುಗಸ್ರಿ."

ಆ ತಗ್ಗಿದ ಕಣ್ಣೇ ಸಾಕಾಯಿತು. ಉಮಾದೇವಿ ತಾಯಿಯ ಭುಜ ಬಿಡದೆಯೇ ಅತ್ತಿಗೆಯತ್ತ ಬಾಗಿದಳು: "ನೀನೇ ಅಂದೀದಿ. ನಮ್ಮವ್ವನ್ನ ನುಂಗಿದಾಕಿ ನೀ!"

ನುಂಗಿದಾಕಿ. ಅದೇ ಮಾತು.

ವರ್ಷಕ್ಕೊಮ್ಮೆ ಬಂದು ಸೀರೆ ಉಟ್ಟು ಹೋಗುವವಳು ನೀನು ಎನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಬಸವೇಶ್ವರಿಯ ಬೆರಳುಗಳು ತಾವಾಗಿ ತನ್ನದೇ ಸೆರಗಿಗೆ ಹೋಗಿ ಗಂಟು ಬಿಗಿದಿದ್ದವು.

*

ಮಗ ವಾಡಿಯಿಂದ ಬಂದ ಮೇಲೆ, ವಿಭೂತಿ, ಪತ್ರಿಗಳ ನಡುವೆ, ಕುಳಿತಂತೆಯೇ ರತ್ನಾಬಾಯಿ ಮಣ್ಣಿಗಿಳಿದಳು.

ಸಂಜೆ ಸರ್ವರಬೇಗಂ ರೊಟ್ಟಿ, ಝುಣಕ ತಂದಿಟ್ಟು ಹೋದಳು. ಸಾವಿನ ಮನೆಯಲ್ಲಿ ಆ ದಿನ ಒಲೆ ಹಚ್ಚುವಂತಿಲ್ಲ.

ಬಸವೇಶ್ವರಿ ಬೂದಿಯ ಮುಂದೆ, ಅತ್ತೆ ಕುಳಿತಿದ್ದ ಜಾಗದಲ್ಲೇ ಕುಳಿತಳು. ಮುಷ್ಟಿಯೊಳಗೆ ಸೆರಗಿನ ಗಂಟು ಬೆಚ್ಚಗಿತ್ತು, ಕೋಳಿಯ ಕೆಳಗಿನಿಂದ ಆಗಷ್ಟೇ ತೆಗೆದ ತತ್ತಿಯ ಹಾಗೆ.