ಒಂದೂವರೆಯ ತಿದ್ದುಪಡಿ

ಅಸುಂಡಿಯ ಹನಮಂತವ್ವ ಗದಗಿನ ಒಂದು ಖಾಸಗಿ ಆಸ್ಪತ್ರೆಗೆ ಬಂದದ್ದು ಕಾಲಿನ ಗಾಯಕ್ಕೆ. ಕುಡಗೋಲು ತಾಗಿ ಮೀನಖಂಡ ಸೀಳಿ ಕೀವಾಗಿತ್ತು. ಚೀಟಿ ಮಾಡಿಸುವಾಗ ಗಂಡ ಯಮನೂರಪ್ಪ ಎರಡೆರಡು ಸಲ ಹೇಳಿದ: ಈಕೆಗೆ ಪೆನಿಸಿಲಿನ್ ಸೂಜಿ ಆಗಿಬರುವುದಿಲ್ಲ, ಹಿಂದೆ ಮುಂಡರಗಿಯಲ್ಲಿ ಮಾಡಿಸಿದಾಗ ಮೈಯೆಲ್ಲ ಬಾತು ಸಾಯುವಂತಾಗಿದ್ದಳು. ದಾಖಲೆ ಬರೆಯುವ ಸುನಿತಾ ಅದನ್ನು ಕಂಪ್ಯೂಟರಿಗೆ ಹಾಕಿದಳು. ಒಳಗೆ ಅದನ್ನು ಯಾರೂ ನೋಡಲಿಲ್ಲ. ಅದೇ ಸೂಜಿ ಕೊಟ್ಟರು. ಹನ್ನೆರಡು ಗಂಟೆಗೆ ಹನಮಂತವ್ವ ತೀರಿಕೊಂಡಳು.

ಮೂರು ದಿನದ ಕಾರ್ಯ ಮುಗಿಸಿ ಯಮನೂರಪ್ಪ ಕಾಗದಪತ್ರ ಕೇಳಲು ಬಂದ. ಮುದ್ರಿಸಿ ಕೊಟ್ಟಾಗ ಓದದೆ ಮಡಚಿ ಕಿಸೆಗೆ ಇಟ್ಟುಕೊಂಡು ಹೋದ. ಆದರೆ ಸುನಿತಾಳ ಕಣ್ಣಿಗೆ ಬಿದ್ದಿತ್ತು. 'ಆಗಿಬರದ ಔಷಧ' ಎಂಬಲ್ಲಿ 'ಇಲ್ಲ' ಎಂದಿತ್ತು.

ಆ ಕಂಪ್ಯೂಟರಿನಲ್ಲಿ ಯಾವುದೂ ಅಳಿಯುತ್ತಿರಲಿಲ್ಲ. ಯಾರಾದರೂ ತಿದ್ದಿದರೆ ಹಳೆಯದು ಹಾಗೇ ಉಳಿದು, ಹೊಸದು ಅದರ ಕೆಳಗೆ ಸೇರುತ್ತಿತ್ತು, ತಿದ್ದಿದ ವೇಳೆ ಮತ್ತು ತಿದ್ದಿದವರ ಹೆಸರಿನೊಂದಿಗೆ. ರೋಗಿಗೆ ಕೊಡುವ ಹಾಳೆಯಲ್ಲಿ ಮಾತ್ರ ಕೊನೆಯದಷ್ಟೇ ಬರುತ್ತಿತ್ತು. ಅವಳು ಹಳೆಯ ಸಾಲುಗಳನ್ನು ತೆರೆದು ನೋಡಿದಳು. ಹನ್ನೊಂದು ಹತ್ತಕ್ಕೆ: ಪೆನಿಸಿಲಿನ್, ಸುನಿತಾ. ಒಂದೂವರೆಗೆ: ಇಲ್ಲ, ಸುನಿತಾ.

ಆ ದಿನ ಒಂದೂವರೆಗೆ ಅವಳು ತನ್ನ ಹೆಸರಿನಲ್ಲಿ ಕಂಪ್ಯೂಟರು ತೆರೆದಿಟ್ಟೇ ಆಸ್ಪತ್ರೆಯ ಹಿತ್ತಲಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ತಿರುಗಿ ಬರುವಾಗ ಮ್ಯಾನೇಜರ್ ನಂದೀಶ ಅವಳ ಕುರ್ಚಿಯಿಂದ ಏಳುವುದನ್ನು ಕಂಡಿದ್ದಳು.

ಅವನನ್ನೇ ಹೋಗಿ ಕೇಳಿದಳು. ಅವನು ಸಿಟ್ಟಾಗಲಿಲ್ಲ. ಬಾಗಿಲು ಹಾಕಿ ಕೂರಿಸಿದ.

"ಹಳೇದನ್ನ ಯಾರೂ ಕೇಳೂದಿಲ್ಲ. ಕೇಳಿದ್ರೂ ಅಲ್ಲಿ ನನ್ನ ಹೆಸರಿಲ್ಲ, ನಿನ್ನ ಹೆಸರೈತಿ. ವಿಚಾರ ಮಾಡು."

ಬೆಟಗೇರಿಯ ಮನೆಯಲ್ಲಿ ತಾಯಿ ಅನ್ನಪೂರ್ಣವ್ವನಿಗೆ ಹೇಳಿದಳು. ಮದುವೆಯ ಮಾತು ನಡೆದಿರುವಾಗ ಇದೆಲ್ಲ ಬೇಡವೆಂದು ತಾಯಿ ಅತ್ತಳು. ಸುನಿತಾ ಎಂಟು ದಿನ ಸುಮ್ಮನಿದ್ದಳು. ಒಂಬತ್ತನೆಯ ದಿನ ಒಬ್ಬ ಮುದುಕಿ ಚೀಟಿ ಮಾಡಿಸಲು ಬಂದು, ತನಗೆ ಆಗದ ಗುಳಿಗೆಯ ಹೆಸರು ಹೇಳಿ, ಬರೆದುಕೊಂಡೆಯಾ ಎಂದು ಕೇಳಿದಳು. ಸುನಿತಾಳಿಗೆ ಹೂಂ ಎನ್ನಲು ಬಾಯಿ ಬರಲಿಲ್ಲ. ಅಂದೇ ಮಧ್ಯಾಹ್ನ ಆ ಎರಡು ಸಾಲು ಮುದ್ರಿಸಿಕೊಂಡು ಅಸುಂಡಿಯ ಬಸ್ಸು ಹತ್ತಿದಳು.

ಯಮನೂರಪ್ಪ ಕಟ್ಟೆಯ ಮೇಲೆ ಕುಳಿತು ಅದನ್ನು ಎರಡು ಸಲ ಓದಿಸಿದ.

"ಎರಡೂ ಕಡೆ ನಿನ್ನ ಹೆಸರ ಐತೆಲ್ಲ, ತಂಗಿ."

"ಮೊದಲಿಂದು ನಾನು ಬರದಿದ್ದು. ಎರಡನೇದು ನಾನಲ್ಲರಿ."

"ಅದನ್ನ ನಾ ಹ್ಯಾಂಗ ನಂಬಲಿ?"

ಅವನು ಮಗಳನ್ನು ಕರೆದು ನೀರು ಕೊಡಿಸಿದ. ಕುಡಿದು ಎದ್ದು ಬಂದಳು.

ಯಮನೂರಪ್ಪ ಆ ಹಾಳೆ ಹಿಡಿದು ಪೊಲೀಸರಿಗೆ ದೂರು ಕೊಟ್ಟ. ತಮಗೆ ಯಾರೂ ಹೇಳಿರಲಿಲ್ಲ ಎನ್ನುತ್ತಿದ್ದ ವೈದ್ಯರ ಮಾತು ಮೊದಲನೆಯ ಸಾಲಿನಿಂದ ಬಿದ್ದುಹೋಯಿತು. ಎರಡನೆಯ ಸಾಲಿಗೆ ಸುನಿತಾಳೇ ಸಿಕ್ಕಿಬಿದ್ದಳು. ಆ ಹೊತ್ತಿಗೆ ತಾನು ಬ್ಯಾಂಕಿಗೆ ಹೋಗಿದ್ದೆನೆಂದು ನಂದೀಶ ಬರೆದುಕೊಟ್ಟ. ಆ ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ. ಆಸ್ಪತ್ರೆಯವರು ಅವಳನ್ನು ಕೆಲಸದಿಂದ ತೆಗೆದರು. ಗಂಡಿನ ಕಡೆಯವರು ಮತ್ತೆ ಫೋನು ಮಾಡಲಿಲ್ಲ.

ಠಾಣೆಯಲ್ಲಿ ಯಮನೂರಪ್ಪನ ಹೇಳಿಕೆ ಬರೆದುಕೊಳ್ಳುವಾಗ ಸುನಿತಾ ಹೊರಗಿನ ಬೆಂಚಿನ ಮೇಲಿದ್ದಳು. ಅವನ ದನಿ ಕೇಳಿಸುತ್ತಿತ್ತು.

"ಈ ಹುಡುಗಿ ಬರಕೊಂಡಿದ್ದು ಖರೆರಿ. ಆಮ್ಯಾಲೆ ತಿದ್ದಿದವರು ಯಾರಂತ ನಾ ನೋಡಿಲ್ಲ."

ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಮೊಕದ್ದಮೆ ಇನ್ನೂ ನಡೆದಿದೆ. ಆರೋಪಿಗಳಲ್ಲಿ ವೈದ್ಯರ ಹೆಸರಿನ ಕೆಳಗೆ ಸುನಿತಾಳ ಹೆಸರಿದೆ. ನಂದೀಶನದು ಇಲ್ಲ.