ಪೈರಿನ ಕಟ್ಟು

ಚಟ್ಟಕ್ಕೆ ಬಿಗಿಯುತ್ತಿದ್ದ ಹುರಿಯನ್ನು ಬೈರಣ್ಣ ಅಣ್ಣನ ಕೈಯಿಂದ ಕಿತ್ತುಕೊಂಡ. ಅಣ್ಣನ ಎದುರು ದನಿ ಎತ್ತಿ ಗೊತ್ತಿಲ್ಲದ ಮನುಷ್ಯ. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಕೈ ತಡೆದಿದ್ದ.

"ಒಂದು ಗಂಟೆವರ್ಗೂ ಎತ್ತೋದು ಬೇಡ ಅಣ್ಣ. ಫ್ಯಾಕ್ಟರಿಯವ್ರು ಬರ್ಬೇಕು. ಮಾತು ಕೊಟ್ಟಿದೀನಿ."

ತಿಮ್ಮರಾಯಪ್ಪ ತಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಅವನ ಲೆಕ್ಕಾಚಾರವೂ ಸುಳ್ಳಲ್ಲ. ಅಂದು ಗುರುವಾರ, ಒಂದೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಹೆಣ ಊರು ದಾಟಿರಬೇಕು. ಫ್ಯಾಕ್ಟರಿಯಲ್ಲಿ ಊಟದ ಬಿಡುವು ಹನ್ನೆರಡೂವರೆಯಿಂದ ಒಂದರವರೆಗೆ, ಬರೀ ಅರ್ಧ ಗಂಟೆ. ಬರುವವರು ಮುನ್ನೂರು ಹೆಂಗಸರು. ಯಡಿಯೂರಿನ ಆ ಓಣಿಯೋ, ಎರಡು ಎಮ್ಮೆ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಬೆಳಗ್ಗೆ ಐವತ್ತು ಜನ ನೆಂಟರು ಬೈರಣ್ಣನ ಹೆಂಡತಿ ಗೌರಮ್ಮನ ಬಾಯಿಗೆ ಅಕ್ಕಿ ಹಾಕಿ ಮುಗಿಸುವುದಕ್ಕೇ ಮುಕ್ಕಾಲು ಗಂಟೆ ಹಿಡಿದಿತ್ತು.

"ಹತ್ತು ಜನ ಬಂದು ಹೋಗ್ಲಿ, ಸಾಕು," ಎಂದ ತಿಮ್ಮರಾಯಪ್ಪ. "ಕೂಲಿ ಜಾಗದೋರು. ಕುಲದೋರೇನಲ್ವಲ್ಲ."

ಕೂಲಿ ಎಂಬ ಮಾತು ಬೈರಣ್ಣನಿಗೆ ಚುಚ್ಚಿತು. ಒಂಬತ್ತು ವರ್ಷದಿಂದ ಅದೇ ಮಾತನ್ನು ಹೆಂಡತಿಗೆ ತಾನೇ ಆಡುತ್ತ ಬಂದಿದ್ದವನಿಗೆ, ಇವತ್ತು ಬೇರೆಯವರ ಬಾಯಿಂದ ಕೇಳಿದಾಗ ಅದು ಎಷ್ಟು ಕೆಟ್ಟದಾಗಿದೆ ಎಂದು ತಿಳಿಯಿತು.

ಮೂರು ದಿನದ ಜ್ವರಕ್ಕೆ ಗೌರಮ್ಮ ನಿನ್ನೆ ಸಂಜೆ ಕಣ್ಣು ಮುಚ್ಚಿದ್ದಳು. ಮಕ್ಕಳಿಲ್ಲ. ಫ್ಯಾಕ್ಟರಿಯಲ್ಲಿ ಅವಳ ಪಕ್ಕದ ಬೆಂಚಿನ ಸಿದ್ದಗಂಗಮ್ಮ ರಜೆ ಹಾಕಿ ಬೆಳಗ್ಗೆಯೇ ಬಂದಿದ್ದಳು. ಎಲ್ಲರಿಗೂ ರಜೆ ಕೊಟ್ಟರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಮೇಲಿನವರು ಒಪ್ಪಿಲ್ಲವಂತೆ. ಊಟ ಬಿಟ್ಟಾದರೂ ಎಲ್ಲರೂ ಬರುತ್ತಾರಂತೆ, ಒಬ್ಬಳಿಗೂ ಮುಖ ತೋರಿಸದೆ ಕಳಿಸಬಾರದು ಎಂದು ಕೈ ಹಿಡಿದು ಕೇಳಿದ್ದಳು. ಬೈರಣ್ಣ ಹೂಂ ಅಂದುಬಿಟ್ಟಿದ್ದ. ಹೆಂಡತಿ ಬದುಕಿದ್ದಾಗ ಅವಳ ಕೆಲಸದ ಬಗ್ಗೆ ಒಂದು ಮಾತೂ ಕೇಳದವನು, ಅವಳು ಸತ್ತ ಮೇಲೆ ಕೊಟ್ಟ ಈ ಒಂದು ಮಾತನ್ನಾದರೂ ಉಳಿಸಿಕೊಳ್ಳಬೇಕಿತ್ತು.

*

ಜಯನಗರ ಇನ್ನೂ ಕಾಗದದ ಮೇಲೆ ಇದ್ದಾಗ ಕೆರೆಯ ಕೆಳಗೆ ಬೈರಣ್ಣನಿಗೆ ಒಂದೂವರೆ ಎಕರೆ ಗದ್ದೆಯಿತ್ತು. ನಾಟಿ ಹಾಕುವವರು ಹೆಂಗಸರು, ಪೈರಿನ ಕಟ್ಟು ಎಸೆಯುವವನು ಅವನು. ಎಸೆಯುವುದೇನು ಮಹಾ ಎನ್ನಬೇಡಿ. ಎಡವಟ್ಟು ಗಂಡಸರು ಬದುವಿನ ಮೇಲೆ ಕಟ್ಟುಗಳ ರಾಶಿ ಹಾಕಿ ಬೀಡಿ ಹಚ್ಚುತ್ತಿದ್ದರು. ಹೆಂಗಸರು ಪ್ರತಿ ಸಲವೂ ಕೆಸರಲ್ಲಿ ಕಾಲೆಳೆದುಕೊಂಡು ಬದುವಿಗೆ ಬರಬೇಕು. ಇನ್ನು ಕೆಲವರು ಇದ್ದಬದ್ದದ್ದನ್ನೆಲ್ಲ ಒಂದೇ ಸಲ ಗದ್ದೆಗೆ ಸುರಿಯುತ್ತಿದ್ದರು, ಅರ್ಧ ಪೈರು ಕಾಲಡಿ ಹಾಳಾಗುತ್ತಿತ್ತು. ಬೈರಣ್ಣ ಹಾಗಲ್ಲ. ಕೈಯಲ್ಲಿದ್ದ ಕಟ್ಟು ಮುಗಿದ ಜಾಗದಲ್ಲೇ ಮುಂದಿನ ಕಟ್ಟು ಬಿದ್ದಿರಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮದುವೆಯಾದ ವರ್ಷ ಗೌರಮ್ಮ ಸಾಲಿನ ತುದಿಯಲ್ಲಿ ನಾಟಿ ಹಾಕುತ್ತಿದ್ದವಳು, ಗದ್ದೆ ಮುಗಿದ ಮೇಲೆ ಸೊಂಟ ನೆಟ್ಟಗೆ ಮಾಡಿ ಅವನನ್ನು ನೋಡಿ, "ಬೆಳಗಿಂದ ತಲೆ ಎತ್ತಕ್ಕೇ ಬಿಡ್ಲಿಲ್ವಲ್ಲ ನೀವು," ಎಂದಿದ್ದಳು. ಬೈರಣ್ಣನನ್ನು ಅಷ್ಟು ಚೆನ್ನಾಗಿ ಯಾರೂ ಹೊಗಳಿರಲಿಲ್ಲ.

ಆಮೇಲೆ ಬಡಾವಣೆ ಬಂತು. ಗದ್ದೆಯ ಮೇಲೆ ಕಲ್ಲು ನೆಟ್ಟರು, ರಸ್ತೆ ಎಳೆದರು. ಅದರಾಚೆ ಕರೆಂಟಿನ ಸ್ವಿಚ್ಚು ಮಾಡುವ ಫ್ಯಾಕ್ಟರಿ ಎದ್ದಿತು. ಬೈರಣ್ಣ ಎರಡು ಎಮ್ಮೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತ. ಗೌರಮ್ಮ ಐವತ್ತೆಂಟನೆಯ ಇಸವಿಯಲ್ಲಿ ಸೆರಗು ಸಿಕ್ಕಿಸಿಕೊಂಡು ಫ್ಯಾಕ್ಟರಿಗೆ ಹೊರಟಳು. ಅವನು ಮುನಿಸಿಕೊಂಡ, ಎಮ್ಮೆ ಹೊಡೆದುಕೊಂಡು ಹೋಗುವಾಗಲೂ ಆ ಗೇಟಿನ ದಾರಿ ಬಿಟ್ಟು ಸುತ್ತಿ ಬರುತ್ತಿದ್ದ.

*

ಹನ್ನೊಂದು ಹೊಡೆಯಿತು. ಗೋಡೆಯ ಗಡಿಯಾರ ಗೌರಮ್ಮ ಆರು ವರ್ಷದ ಹಿಂದೆ ಫ್ಯಾಕ್ಟರಿಯಿಂದ ತಂದದ್ದು. ಆಯುಧಪೂಜೆಗೆ ಎಲ್ಲರಿಗೂ ಕೊಟ್ಟಿರಬೇಕು ಅಂದುಕೊಂಡಿದ್ದ ಬೈರಣ್ಣ, ಫ್ಯಾಕ್ಟರಿ ಟೈಮು ಮನೆಗೂ ಬಂತಾ ಎಂದು ಕೊಂಕು ಆಡಿದ್ದ. ಅವಳು ತಾನೇ ಮೊಳೆ ಹೊಡೆದು ನೇತುಹಾಕಿದ್ದಳು.

ಅವನು ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದ. ಹೆಣದ ತಲೆಯ ಬಳಿ ಒಂದೇ ಮೊರದಲ್ಲಿ ಅಕ್ಕಿ. ಬಂದವರೆಲ್ಲ ಅಲ್ಲಿ ನಿಂತು, ಬಗ್ಗಿ, ಕಾಳು ಆರಿಸಿಕೊಂಡು, ಮತ್ತೆ ಎದ್ದು, ಮತ್ತೆ ಹೆಣದ ಕಡೆ ಬಗ್ಗುತ್ತಿದ್ದರು. ಹಿಂದಿನವರು ಕಾಯುತ್ತ ನಿಲ್ಲುತ್ತಿದ್ದರು. ಬದುವಿನ ಮೇಲೆ ರಾಶಿ ಹಾಕಿದ ಪೈರು ಇದೇ ಅಲ್ಲವೇ ಎಂದು ಅವನಿಗೆ ಅನ್ನಿಸಿತು.

ಬೈರಣ್ಣ ಮೊರ ಎತ್ತಿಕೊಂಡ. ಬಾಳೆಎಲೆ ಹರಿದು ಚೂರು ಮಾಡಿದ. ಪಕ್ಕದ ಮನೆಯ ಜಗಲಿಯ ಮೇಲೆ ಒಂದು ಚೂರು ಇಟ್ಟು ಒಂದು ಹಿಡಿ ಅಕ್ಕಿ ಸುರಿದ. ನಾಲ್ಕು ಹೆಜ್ಜೆ ಎಣಿಸಿ ಇನ್ನೊಂದು.

"ಏಯ್, ಸಾವಿನ ಅಕ್ಕೀನ ಕಂಡೋರ ಜಗಲಿ ಮೇಲೆ ಇಡ್ತಾರೇನೋ?" ತಿಮ್ಮರಾಯಪ್ಪ ಗದರಿದ. ಅದೂ ನಿಜವೇ. ಓಣಿಯಲ್ಲಿ ಯಾರೂ ಒಪ್ಪುವ ಕೆಲಸವಲ್ಲ ಅದು. ಬೈರಣ್ಣನ ಕೈ ಗಾಳಿಯಲ್ಲೇ ನಿಂತಿತು.

ಆ ಜಗಲಿಯ ಒಡತಿ ಎಂಬತ್ತು ದಾಟಿದ ನಾರಾಯಣಮ್ಮ. ಬಾಗಿಲಲ್ಲೇ ಕೂತಿದ್ದವಳು ಗೋಡೆ ಹಿಡಿದುಕೊಂಡು ಎದ್ದಳು. "ಇಡಪ್ಪ," ಎಂದಳು. "ನನ್ನ ಸ್ವಂತ ಸೊಸೆಗಿಂತ ಹೆಚ್ಚಾಗಿ ನೋಡ್ಕೊಂಡೋಳು ಅವ್ಳು. ಆಮೇಲೆ ನೀರು ಹಾಕಿ ತೊಳ್ಕೊತೀನಿ." ಅವಳೇ ಒಪ್ಪಿದ ಮೇಲೆ ಉಳಿದವರು ಬೇಡ ಅನ್ನಲಿಲ್ಲ.

ಎಲೆ ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದ ಸಿದ್ದಗಂಗಮ್ಮ ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟಳು. ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಅಣ್ಣ, ಹಂಗಾದ್ರೆ ಅವ್ಳು ಹೇಳ್ತಿದ್ದಿದ್ದು ನಿಜ," ಎಂದಳು. ಆ ಮೇಲೆ, ಎಲೆಗಳನ್ನು ಇಡುತ್ತಲೇ, ಎಲ್ಲವನ್ನೂ ಹೇಳಿದಳು.

*

ಆರು ವರ್ಷದ ಹಿಂದೆ ಫ್ಯಾಕ್ಟರಿಯಲ್ಲಿ ಸ್ಟೋರಿಗೆ ಒಂದೇ ಕಿಟಕಿ. ಹಿತ್ತಾಳೆ ಪಟ್ಟಿ, ಸ್ಪ್ರಿಂಗು, ಸ್ಕ್ರೂ ಮುಗಿದಾಗಲೆಲ್ಲ ಹೆಂಗಸರು ಬೆಂಚು ಬಿಟ್ಟು ಎದ್ದು ಕಿಟಕಿಯ ಮುಂದೆ ಸಾಲು ನಿಲ್ಲಬೇಕು. ದಿನಕ್ಕೆ ಹನ್ನೆರಡು ಸಲ. ಮೇಲಿನವರು ಕೈಗಡಿಯಾರ ಹಿಡಿದುಕೊಂಡು ಬಂದು ವಾರವೆಲ್ಲ ಬರೆದುಕೊಂಡರು, ಹೆಂಗಸರ ಕೈ ನಿಧಾನ ಎಂದು ತೀರ್ಮಾನಿಸಿದರು. ಇನ್ನೊಂದು ಕಿಟಕಿ ಒಡೆಸೋಣವೇ ಎಂಬ ಮಾತೂ ಬಂತು. ಗೌರಮ್ಮ ಸೂಪರ್‌ವೈಸರ್ ಪರಮಶಿವಯ್ಯನವರ ಮುಂದೆ ನಿಂತು, ಕಿಟಕಿ ಹತ್ತಾದರೂ ನಡೆಯುವವರು ನಡೆಯುತ್ತಲೇ ಇರುತ್ತಾರೆ, ಪೈರು ಕೈಯಿದ್ದಲ್ಲಿಗೆ ಬರಬೇಕು ಎಂದಳು.

ಪರಮಶಿವಯ್ಯ ಒಳ್ಳೆಯವರು, ಆದರೆ ಅವಸರದವರು. ಮಾರನೆಯ ದಿನವೇ ಪ್ರತಿ ಬೆಂಚಿಗೂ ದಿನಕ್ಕಾಗುವಷ್ಟು ಸಾಮಾನು ತಂದು ಸುರಿಸಿದರು. ಸ್ಪ್ರಿಂಗು ಸ್ಕ್ರೂ ಎಲ್ಲ ಕಲಸಿ, ನೆಲಕ್ಕೆ ಚೆಲ್ಲಿ, ಸಂಜೆಗೆ ಅರ್ಧ ಕೆಲಸವೂ ಆಗಲಿಲ್ಲ. ಎಲ್ಲರೂ ಗೌರಮ್ಮನನ್ನು ನೋಡಿ ನಕ್ಕರು. ಅವಳು ನಗಲಿಲ್ಲ. ಒಂದು ಟ್ರೇಯಲ್ಲಿ ಸರಿಯಾಗಿ ಇಪ್ಪತ್ತೈದು ಸ್ವಿಚ್ಚಿಗಾಗುವಷ್ಟು ಜೋಡಿಸಿ, ಇದು ಮುಗಿಯುವ ಹೊತ್ತಿಗೆ ಮುಂದಿನದು ಪಕ್ಕದಲ್ಲಿರಲಿ, ಮೊದಲೂ ಬೇಡ, ಆಮೇಲೂ ಬೇಡ ಎಂದಳು. ತಳ್ಳುಗಾಡಿಯಲ್ಲಿ ಟ್ರೇಗಳು ಸಾಲಿನ ನಡುವೆ ಓಡಾಡತೊಡಗಿದವು. ತಿಂಗಳು ತುಂಬುವುದರೊಳಗೆ ಅದೇ ಹೆಂಗಸರು, ಅದೇ ಕೈ, ಒಂದೂವರೆ ಪಟ್ಟು ಕೆಲಸ. ಮೇಲಿನವರು ಮೈಸೂರಿನ ಶಾಖೆಗೂ ಅದೇ ಪದ್ಧತಿ ಹಾಕಿದರು.

ಸಲಹೆ ಕೊಟ್ಟವರಿಗೆ ಗೋಡೆ ಗಡಿಯಾರದ ಬಹುಮಾನವಿತ್ತು. ಯಾರ ಹೆಸರು ಬರೆಯಲಿ ಎಂದು ಪರಮಶಿವಯ್ಯ ಕೇಳಿದಾಗ ಗೌರಮ್ಮ ತನ್ನದಲ್ಲ, ಯಜಮಾನರದು ಎಂದಳು. ಅವರ ಹೆಸರೇನು ಎಂದರೆ ಸೆರಗು ಬಾಯಿಗಿಟ್ಟುಕೊಂಡಳು. ಗಂಡನ ಹೆಸರು ಹೇಳುವವಳೇ ಅವಳು?

"ಕೊನೆಗೆ ನಾನೇ ಹೇಳ್ದೆ," ಎಂದಳು ಸಿದ್ದಗಂಗಮ್ಮ. "ಅವತ್ತಿಂದ ಆ ಗಾಡಿಗೆ ನಿಮ್ಮ ಹೆಸ್ರೇ ನಿಂತೋಯ್ತು. ಗಾಡಿ ಬಂದ್ರೆ ಬೈರಣ್ಣ ಬಂದ ಅಂತೀವಿ. ತಪ್ಪು ತಿಳ್ಕೋಬೇಡಿ. ಮುನ್ನೂರು ಜನಾನೂ ಅಂತೀವಿ, ಅವ್ಳೊಬ್ಳು ಮಾತ್ರ 'ಅವ್ರು ಬಂದ್ರು' ಅಂತಿದ್ಲು."

*

ಬೈರಣ್ಣ ಕೈಯಲ್ಲಿದ್ದ ಎಲೆಯನ್ನು ಜಗಲಿಯ ಮೇಲಿಟ್ಟ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಹೇಳಿದ್ರೆ ನಿಮ್ಗೆ ಗದ್ದೆ ನೆನಪಾಗಿ ಸಂಕಟ ಆಗ್ತದೆ ಅಂತಿದ್ಲು."

ಹನ್ನೆರಡೂವರೆಗೆ ಸೈರನ್ ಕೂಗಿತು. ಮೊದಲು ಬಂದವರು ಪರಮಶಿವಯ್ಯ, ಓಣಿಯ ತುದಿಯಲ್ಲೇ ಬೂಟು ಬಿಚ್ಚಿದ್ದರು. ಅವರ ಹಿಂದೆ ನೀಲಿ ಅಂಚಿನ ಸೀರೆಯ ಹೆಂಗಸರು. ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ; ಜಗಲಿಯ ಮೇಲಿನ ಎಲೆಗಳನ್ನು ಕಂಡ ಕೂಡಲೇ ಅವರಿಗೆ ಗೊತ್ತಾಯಿತು. ನಡೆಯುತ್ತಲೇ ನಾಲ್ಕು ಕಾಳು ಎತ್ತಿಕೊಂಡರು, ಗೌರಮ್ಮನ ತುಟಿಗೆ ಮುಟ್ಟಿಸಿದರು, ಓಣಿಯ ಆ ಕಡೆಯಿಂದ ಹೊರಗೆ ಹೋದರು. ಒಂದು ಎಲೆ ಬರಿದಾದಲ್ಲಿ ಬೈರಣ್ಣ ಮತ್ತೆ ಒಂದು ಹಿಡಿ ಹಾಕಿದ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವನ ಕೈ ಮರೆತಿರಲಿಲ್ಲ. ಹದಿಮೂರು ವರ್ಷದ ಮೇಲೆ ಅವನು ಮತ್ತೆ ಗದ್ದೆಗೆ ಇಳಿದಿದ್ದ. ಹೆಮ್ಮೆಯೂ ಅಳುವೂ ಜೊತೆಗೇ ಬಂದವು.

ಸ್ವಲ್ಪ ಹೊತ್ತಿಗೆ ತಿಮ್ಮರಾಯಪ್ಪನೇ ತಿರುವಿನಲ್ಲಿ ನಿಂತು, "ನಡೀರಮ್ಮ, ಅಕ್ಕಿ ಮುಂದ್ಕೂ ಐತೆ," ಎಂದು ದಾರಿ ಬಿಡಿಸುತ್ತಿದ್ದ, ಏರ್ಪಾಟೆಲ್ಲ ತನ್ನದೇ ಅನ್ನುವ ಹಾಗೆ. ಒಂದಕ್ಕೆ ಎಂಟು ನಿಮಿಷ ಇರುವಾಗ ಕೊನೆಯವಳೂ ಕೈ ಮುಗಿದು ಹೋದಳು.

ಒಂದೂಕಾಲಿಗೆ ಚಟ್ಟ ಎತ್ತಿದರು. ಮಡಕೆ ಹಿಡಿದು ಬೈರಣ್ಣ ಮುಂದೆ ನಡೆದ. ಅರ್ಧ ದಾರಿಯಲ್ಲಿ ಒಮ್ಮೆ ಇಳಿಸಿ ಎತ್ತುವುದು ಪದ್ಧತಿ. ಆ ಮನೆತನದವರು ಇಳಿಸುತ್ತಿದ್ದದ್ದು ಯಾವಾಗಲೂ ಅರಳಿಕಟ್ಟೆಯ ಬಳಿ. ಇವತ್ತು ಕಟ್ಟೆ ಹಿಂದಾಯಿತು, ತಿಮ್ಮರಾಯಪ್ಪ ಹೆಗಲು ಕೊಟ್ಟುಕೊಂಡು ಬಂದ. ಫ್ಯಾಕ್ಟರಿಯ ಗೇಟು ಬಂದಾಗ ಅವನೇ, "ಇಲ್ಲೇ ಇಳಿಸ್ರಪ್ಪ," ಎಂದ.

ಇಳಿಸಿದರು. ತಮಟೆಯವನು ಕೈ ನಿಲ್ಲಿಸಿದ. ತೆರೆದ ಕಿಟಕಿಗಳ ಆಚೆ ಕೆಲಸ ಆಗಲೇ ಶುರುವಾಗಿತ್ತು. ಗಾಡಿಯ ಚಕ್ರ ನೆಲದ ಮೇಲೆ ಉರುಳುವ ಸದ್ದು ಹತ್ತಿರ ಹತ್ತಿರ ಬಂದು ನಿಂತಿತು. ಯಾವಳೋ ಒಬ್ಬಳು, ದಿನದಂತೆ, ತಲೆ ಎತ್ತದೆಯೇ ಇರಬೇಕು, ಸಾಲಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಬೈರಣ್ಣ ಬಂದ."

ಹೆಂಡತಿಯ ತಲೆಯ ಬಳಿ ನಿಂತಿದ್ದ ಬೈರಣ್ಣ ಮಡಕೆಯನ್ನು ಒಂದು ಕೈಗೆ ಬದಲಾಯಿಸಿಕೊಂಡು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ನೆಟ್ಟಗೆ ನಿಂತ.